ನಗೆಯಲ್ಲೂ ಸುಳ್ಳಾಡದ ಸತ್ಯಯುಧಿಷ್ಠಿರ

ಹಾನಗಲ್ಲಿಗೂ ಸವಣೂರಿಗೂ ನಡುವೆ, ಶಿಗ್ಗಾವಿ ತಾಲ್ಲೂಕಿಗೆ ಸೇರಿದ ಬಂಕಾಪುರವೆಂಬ ಊರಿದೆ. ಕೋಟೆಯಿಂದಲೂ, ನಗರೇಶ್ವರ ದೇವಾಲಯದ ಕಂಬಗಳಿಂದಲೂ, ನವಿಲುಗಳಿಂದಲೂ ಜನ ಇಂದು ಅದನ್ನು ಗುರುತಿಸುತ್ತಾರೆ. ಸಾವಿರ ವರ್ಷಗಳ ಹಿಂದೆ ಈ ಊರು ಜಿನಾಗಮದ ಅಧ್ಯಯನಕ್ಕೆ ಹೆಸರಾಗಿತ್ತು. ಅಜಿತಸೇನ ಭಟ್ಟಾರಕರು ಇಲ್ಲಿದ್ದರು. ಅವರ ಶಿಷ್ಯರಲ್ಲಿ ಒಬ್ಬನು ಗಂಗರಾಜ್ಯದ ಮಂತ್ರಿಯೂ ದಂಡನಾಯಕನೂ ಆಗಿದ್ದ ಚಾವುಂಡರಾಯ. ಶ್ರವಣಬೆಳಗೊಳದ ಗೊಮ್ಮಟೇಶ್ವರನನ್ನು ಮಾಡಿಸಿದ ಪುಣ್ಯಪುರುಷನೆಂದು ಅವನನ್ನು ಎಲ್ಲರೂ ಬಲ್ಲರು. ಅವನಿಗೆ ಸಂದ ಹಲವು ಬಿರುದುಗಳಲ್ಲಿ ಒಂದು ಮಾತ್ರ ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಅದು ಸತ್ಯಯುಧಿಷ್ಠಿರ ಎಂಬ ಬಿರುದು. ನಗೆಯಾಡುವಾಗಲೂ ಅವನು ಸುಳ್ಳಾಡದಿದ್ದುದರಿಂದ ಈ ಹೆಸರು ಬಂದಿತು.

ಈ ವಾರ ಈ ಬಿರುದನ್ನೇ ಹಿಡಿದು ಚಾವುಂಡರಾಯನ ಬಾಳನ್ನು ನೋಡಬೇಕೆಂದು ನನಗೆ ಅನಿಸಲು ಕಾರಣವಿದೆ. ನಮ್ಮ ನಡುವೆ ಒಂದು ಬಗೆಯ ಜನರಿದ್ದಾರೆ. ಅವರು ಯಾರ ಮನೆಯನ್ನೂ ಮುರಿಯುವುದಿಲ್ಲ, ಯಾರ ಹಣವನ್ನೂ ಅಪಹರಿಸುವುದಿಲ್ಲ. ಆದರೆ ತಮ್ಮ ವಿಷಯ ಬಂದಾಗ ಇದ್ದದ್ದನ್ನು ಇದ್ದಂತೆ ಹೇಳಲಾರರು. ಎರಡು ಎಕರೆ ಹೊಲ ಇಪ್ಪತ್ತು ಎಕರೆಯಾಗುತ್ತದೆ. ಒಮ್ಮೆ ದೂರದಿಂದ ಕಂಡ ಮಂತ್ರಿ ಬಾಲ್ಯದ ಗೆಳೆಯನಾಗುತ್ತಾನೆ. ಒಂದು ಉಪವಾಸ ಎಂಟು ಉಪವಾಸವಾಗುತ್ತದೆ. ಹೀಗೆ ಹೇಳುವುದರಿಂದ ಅವರಿಗೆ ಲಾಭವೇನೂ ಇರುವುದಿಲ್ಲ. ಆದರೂ ಬಿಡಲಾರರು. ಮಾತು ಮುಗಿಯುವ ಹೊತ್ತಿಗೆ ಅವರೇ ಅದನ್ನು ನಂಬಿಬಿಟ್ಟಿರುತ್ತಾರೆ. ಹೇಳಿಕೊಳ್ಳಲು ನಿಜವಾಗಿಯೂ ಬಹಳವಿದ್ದ ಒಬ್ಬ ಮನುಷ್ಯ ತನ್ನ ಬಗ್ಗೆ ಹೇಗೆ ಮಾತನಾಡಿದನು ಎಂಬುದನ್ನು ತಿಳಿದರೆ ಈ ರೋಗದ ಮೂಲವೂ ಮದ್ದೂ ನಮಗೆ ದೊರಕಬಹುದು.

ಬಂಕಾಪುರಕ್ಕೆ ಹೆಸರು ಬಂದದ್ದು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ದಂಡನಾಯಕನಾದ ಬಂಕೇಯನಿಂದ. ಅವನ ಮಗ ಲೋಕಾದಿತ್ಯನು ಇಲ್ಲಿಂದ ಬನವಾಸಿ ನಾಡನ್ನು ಆಳುತ್ತಿದ್ದ ಕಾಲದಲ್ಲಿ, ಶಕವರ್ಷ 820ರಲ್ಲಿ, ಅಂದರೆ ಕ್ರಿ.ಶ. 898ರಲ್ಲಿ, ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಈ ಊರಿನಲ್ಲಿ ಪೂಜೆ ಸಂದಿತು. ಜಿನಸೇನಾಚಾರ್ಯರು ಆರಂಭಿಸಿದ ಮಹಾಪುರಾಣದ ಉಳಿದ ಭಾಗವದು. ಗುಣಭದ್ರರ ಶಿಷ್ಯರಾದ ಲೋಕಸೇನರ ಕಾಲದಲ್ಲಿ ಈ ಪೂಜೆ ನಡೆಯಿತು. ಎಂಬತ್ತು ವರ್ಷಗಳ ಅನಂತರ ಇದೇ ಮಹಾಪುರಾಣವನ್ನು ಆಧರಿಸಿ ಚಾವುಂಡರಾಯನು ಕನ್ನಡ ಗದ್ಯದಲ್ಲಿ ಅರುವತ್ಮೂರು ಶಲಾಕಾಪುರುಷರ ಚರಿತೆಯನ್ನು ಬರೆದನು.

ಚಾವುಂಡರಾಯನು ಬ್ರಹ್ಮಕ್ಷತ್ರ ಕುಲದವನು. ತಾಯಿ ಕಾಳಲಾದೇವಿ, ಮಡದಿ ಅಜಿತಾದೇವಿ, ಮಗ ಜಿನದೇವಣ. ಜನರು ಅವನನ್ನು ಪ್ರೀತಿಯಿಂದ ಅಣ್ಣ ಎಂದೂ ರಾಯ ಎಂದೂ ಕರೆಯುತ್ತಿದ್ದರು. ಅವನು ಮೊದಲು ಸೇವೆ ಸಲ್ಲಿಸಿದ್ದು ಗಂಗರ ಇಮ್ಮಡಿ ಮಾರಸಿಂಹನಿಗೆ. ಮಾರಸಿಂಹನು ರಾಷ್ಟ್ರಕೂಟರ ಪರವಾಗಿ ಹಲವು ಯುದ್ಧಗಳನ್ನು ಗೆದ್ದ ಪರಾಕ್ರಮಿ. ಅಂಥ ಅರಸನು ಕೊನೆಗೆ ರಾಜ್ಯವನ್ನು ತ್ಯಜಿಸಿ ಬಂಕಾಪುರಕ್ಕೆ ಬಂದು, ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನಗಳ ಸಲ್ಲೇಖನ ವ್ರತವನ್ನು ಆಚರಿಸಿ 974ರಲ್ಲಿ ಸಮಾಧಿಮರಣವನ್ನು ಹೊಂದಿದನು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಕೂಗೆ ಬ್ರಹ್ಮದೇವರ ಕಂಬದ ಶಾಸನದಲ್ಲಿ ಈ ಸಂಗತಿ ದಾಖಲಾಗಿದೆ.

ತನ್ನ ಒಡೆಯನ ಈ ಅಂತ್ಯವು ಚಾವುಂಡರಾಯನ ಮನಸ್ಸಿನ ಮೇಲೆ ಯಾವ ಪರಿಣಾಮವನ್ನು ಉಂಟುಮಾಡಿತೆಂಬುದನ್ನು ನಾವು ಊಹಿಸಬಹುದಷ್ಟೆ. ಸಲ್ಲೇಖನಕ್ಕೆ ಕುಳಿತವನು ಗುರುವಿನ ಮುಂದೆ ತನ್ನ ಬಾಳಿನ ದೋಷಗಳನ್ನೆಲ್ಲ ಕಪಟವಿಲ್ಲದೆ ಆಲೋಚನೆ ಮಾಡಿಕೊಳ್ಳಬೇಕು ಎಂಬುದು ಆಗಮದ ವಿಧಿ. ಅಲ್ಲಿ ಬಿರುದುಗಳಿಗೆ ಬೆಲೆಯಿಲ್ಲ. ಗೆದ್ದ ಕೋಟೆಗಳ ಲೆಕ್ಕವನ್ನು ಅಲ್ಲಿ ಯಾರೂ ಕೇಳುವುದಿಲ್ಲ.

ಮಾರಸಿಂಹನ ಬಳಿಕ ಗಂಗರಾಜ್ಯ ತುಂಬ ಇಕ್ಕಟ್ಟಿಗೆ ಸಿಕ್ಕಿತು. ರಾಷ್ಟ್ರಕೂಟರ ಬಲ ಕುಗ್ಗಿತ್ತು. ದಾಯಾದಿಗಳೂ ಸಾಮಂತರೂ ಸಿಂಹಾಸನಕ್ಕಾಗಿ ಹೋರಾಡುತ್ತಿದ್ದರು. ನಾಲ್ಕನೆಯ ರಾಚಮಲ್ಲನ ಪಕ್ಷದಲ್ಲಿ ನಿಂತು ರಾಜ್ಯವನ್ನು ಉಳಿಸಿದವನು ಚಾವುಂಡರಾಯ. ಗೋನೂರಿನ ಬಯಲಿನಲ್ಲಿ ನೊಳಂಬರನ್ನು ಎದುರಿಸಿ ವೀರಮಾರ್ತಂಡನೆನಿಸಿದನು. ಉಚ್ಚಂಗಿಯ ಕೋಟೆಯ ಕಾಳಗದಿಂದ ರಣರಂಗಸಿಂಗನಾದನು. ತಮ್ಮನಾದ ನಾಗವರ್ಮನನ್ನು ಕೊಂದ ಮುದುರಾಚಯ್ಯನನ್ನು ಸಂಹರಿಸಿದಾಗ ಸಮರಪರಶುರಾಮನೆಂಬ ಹೆಸರು ಬಂದಿತು. ಇಂಥ ಕದನಗಳಿಗೆ ದೊರೆತ ಬಿರುದುಗಳ ಜೊತೆಗೆ ಸಮ್ಯಕ್ತ್ವರತ್ನಾಕರ, ಶೌಚಾಭರಣ, ಸತ್ಯಯುಧಿಷ್ಠಿರ ಎಂಬ ಗುಣಸೂಚಕ ಹೆಸರುಗಳೂ ಸೇರಿದವು.

ಅದು ಬಿರುದುಗಳ ಕಾಲವಾಗಿತ್ತು. ಸಣ್ಣ ಊರಿನ ಗಾವುಂಡನೂ ತನ್ನ ಹೆಸರಿನ ಮುಂದೆ ಹತ್ತು ವಿಶೇಷಣಗಳನ್ನು ಕೆತ್ತಿಸಿಕೊಳ್ಳುತ್ತಿದ್ದನು. ಹೊಗಳುವ ಭಟ್ಟರಿಗೆ ಕೊರತೆ ಇರಲಿಲ್ಲ. ಹತ್ತು ಜನರನ್ನು ಓಡಿಸಿದವನು ಸಾವಿರ ಜನರನ್ನು ಕೊಂದೆನೆಂದರೆ ಕೇಳುವವರು ಯಾರು? ಇಂಥ ಸಭೆಯ ನಡುವೆ ಒಬ್ಬ ದಂಡನಾಯಕನು ವಿನೋದಕ್ಕೂ ಸುಳ್ಳಾಡುವುದಿಲ್ಲವೆಂದು ಖ್ಯಾತನಾದುದು ಸಣ್ಣ ಮಾತಲ್ಲ.

ನಗೆಯಲ್ಲಿಯೂ ಎಂಬ ಮಾತನ್ನು ಇಲ್ಲಿ ಗಮನಿಸಬೇಕು. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಸತ್ಯವ್ರತವನ್ನು ಗಟ್ಟಿಗೊಳಿಸುವ ಐದು ಭಾವನೆಗಳನ್ನು ಹೇಳಿದ್ದಾರೆ. ಕ್ರೋಧವನ್ನು ಬಿಡುವುದು, ಲೋಭವನ್ನು ಬಿಡುವುದು, ಭಯವನ್ನು ಬಿಡುವುದು, ಹಾಸ್ಯವನ್ನು ಬಿಡುವುದು, ಆಗಮಕ್ಕೆ ಅನುಗುಣವಾಗಿ ವಿಚಾರಿಸಿ ಮಾತನಾಡುವುದು. ಕೋಪ, ಆಸೆ, ಹೆದರಿಕೆಗಳಿಂದ ಸುಳ್ಳು ಹುಟ್ಟುತ್ತದೆಂಬುದು ನಮಗೆಲ್ಲ ಗೊತ್ತಿರುವ ವಿಷಯ. ಹಾಸ್ಯವನ್ನು ಅವುಗಳ ಸಾಲಿನಲ್ಲಿ ಏಕೆ ಇಟ್ಟರು? ತನ್ನನ್ನು ಹಿಗ್ಗಿಸಿ ಹೇಳುವ ಚಟವು ಪ್ರಾಯಶಃ ಕಟ್ಟೆಯ ಮೇಲಿನ ಹರಟೆಯಲ್ಲಿಯೇ ಆರಂಭವಾಗುತ್ತದೆ. ಕೇಳುವವರು ನಗಲಿ, ಬೆರಗಾಗಲಿ ಎಂದು ಒಂದು ಮಾತನ್ನು ಸೇರಿಸುತ್ತೇವೆ. ಅವರು ನಕ್ಕರೆ ಮುಂದಿನ ಸಲ ಇನ್ನೊಂದು ಮಾತು ಸೇರುತ್ತದೆ. ಪಾಪವೆಂಬ ಅರಿವೇ ಅಲ್ಲಿ ಇರುವುದಿಲ್ಲ. ಅರಿವಿಲ್ಲದ ಕಡೆ ವ್ರತವು ಮೊದಲು ಸಡಿಲವಾಗುತ್ತದೆ.

ಸುಳ್ಳಿನ ವೇಷ ಎಷ್ಟು ಸತ್ಯದಂತಿರುತ್ತದೆ ಎಂಬುದಕ್ಕೆ ಉತ್ತರಪುರಾಣದಲ್ಲಿ ಬರುವ ಸತ್ಯಘೋಷನ ಕಥೆಯೇ ಸಾಕ್ಷಿ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅಸತ್ಯಕ್ಕೆ ಉದಾಹರಣೆಯಾಗಿ ಹೆಸರಿಸಿರುವುದು ಇವನನ್ನೇ. ಸಿಂಹಪುರದ ಸಿಂಹಸೇನ ರಾಜನ ಬಳಿ ಶ್ರೀಭೂತಿ ಎಂಬ ಬ್ರಾಹ್ಮಣ ಮಂತ್ರಿಯಿದ್ದನು. ತಾನು ಸುಳ್ಳಾಡಿದರೆ ನಾಲಗೆಯನ್ನೇ ಕತ್ತರಿಸಿಕೊಳ್ಳುವೆನೆಂದು ತೋರಿಸಲು ಜನಿವಾರಕ್ಕೆ ಒಂದು ಕತ್ತರಿಯನ್ನು ಕಟ್ಟಿಕೊಂಡು ತಿರುಗುತ್ತಿದ್ದನೆಂದು ಕಥೆಗಾರರು ಹೇಳುತ್ತಾರೆ. ಸತ್ಯಘೋಷ ಎಂಬ ಹೆಸರು ಹೀಗೆ ಸಂಪಾದನೆಯಾಯಿತು. ಆ ಹೆಸರನ್ನು ನಂಬಿ ಭದ್ರಮಿತ್ರನೆಂಬ ವ್ಯಾಪಾರಿ ತನ್ನ ರತ್ನಗಳನ್ನು ಅವನಲ್ಲಿ ಇಟ್ಟು ಹೋದನು. ಮರಳಿ ಬಂದು ಕೇಳಿದಾಗ ಸತ್ಯಘೋಷನು ರತ್ನಗಳನ್ನು ಕಂಡೇ ಇಲ್ಲವೆಂದುಬಿಟ್ಟನು. ಊರೆಲ್ಲ ವ್ಯಾಪಾರಿಯನ್ನೇ ಹುಚ್ಚನೆಂದಿತು. ಅವನು ದಿನವೂ ಅರಮನೆಯ ಹತ್ತಿರ ಮರವನ್ನೇರಿ ಕೂಗಿಕೊಳ್ಳುತ್ತಿದ್ದುದನ್ನು ಕೇಳಿದ ರಾಣಿ ರಾಮದತ್ತೆಗೆ ಅನುಮಾನ ಬಂದಿತು. ಅವಳು ಸತ್ಯಘೋಷನೊಡನೆ ಜೂಜಾಡಿ ಅವನ ಉಂಗುರವನ್ನೂ ಜನಿವಾರವನ್ನೂ ಗೆದ್ದು, ಆ ಗುರುತನ್ನು ಅವನ ಮನೆಗೆ ಕಳುಹಿಸಿ ರತ್ನಗಳನ್ನು ತರಿಸಿದಳು.

ಇಲ್ಲಿಂದ ಮುಂದಿನ ಭಾಗ ನನಗೆ ಬಹಳ ಪ್ರಿಯವಾದುದು. ರಾಜನು ಆ ರತ್ನಗಳನ್ನು ತನ್ನ ಭಂಡಾರದ ಬೇರೆ ರತ್ನಗಳ ಜೊತೆ ಬೆರೆಸಿ ಭದ್ರಮಿತ್ರನ ಮುಂದೆ ಇಡಿಸಿದನು. ಬೇಕಾದಷ್ಟನ್ನು ಬಾಚಿಕೊಳ್ಳಬಹುದಾಗಿತ್ತು. ಭದ್ರಮಿತ್ರನು ತನ್ನವನ್ನು ಮಾತ್ರ ಆರಿಸಿಕೊಂಡು ಉಳಿದವನ್ನು ಮುಟ್ಟದೆ ಬಿಟ್ಟನು. ಅವನ ಸತ್ಯವು ರಾಜನಿಗೆ ತಿಳಿದುದು ಆಗ. ಸತ್ಯಘೋಷನು ದಂಡನೆಗೆ ಗುರಿಯಾಗಿ, ಆರ್ತಧ್ಯಾನದಿಂದ ಸತ್ತು, ಅರಸನ ಭಂಡಾರದಲ್ಲಿ ಸರ್ಪವಾಗಿ ಹುಟ್ಟಿದನು.

ನಮ್ಮ ಬಾಳಿನ ವಿಷಯದಲ್ಲಿ ಸತ್ಯ ಹೇಳುವುದೆಂದರೆ ಭದ್ರಮಿತ್ರನು ಮಾಡಿದ ಕೆಲಸವೇ. ಹೊಗಳಿಕೆಯ ರಾಶಿ ಮುಂದಿರುತ್ತದೆ. ಅದರಲ್ಲಿ ನಮ್ಮವು ಎಷ್ಟೋ ಅಷ್ಟನ್ನು ಮಾತ್ರ ಆರಿಸಿಕೊಳ್ಳಬೇಕು.

ಚಾವುಂಡರಾಯನು ಹೇಗೆ ಆರಿಸಿಕೊಂಡನು? ಅವನ ತ್ರಿಷಷ್ಟಿಲಕ್ಷಣ ಮಹಾಪುರಾಣವು 978ರಲ್ಲಿ ಪೂರ್ಣವಾಯಿತು. ಚಾವುಂಡರಾಯಪುರಾಣವೆಂದು ನಾವು ಕರೆಯುವ ಈ ಗ್ರಂಥದಲ್ಲಿ ಅವನ ಬಿರುದುಗಳೂ ಬಂದಿವೆ. ಇದನ್ನು ಮುಚ್ಚಿಟ್ಟು ಅವನನ್ನು ವಿನಯದ ಮೂರ್ತಿಯೆಂದು ಹೊಗಳಿದರೆ ನಾನೂ ಬಣ್ಣ ಹಚ್ಚಿದಂತಾದೀತು. ಆದರೆ ಆ ಬಿರುದುಗಳ ಜೊತೆಗೆ ಯಾವ ಸ್ಥಳದಲ್ಲಿ, ಯಾರ ಮೇಲೆ, ಯಾವ ಕಾರಣಕ್ಕೆ ಅದು ಬಂದಿತೆಂಬುದನ್ನೂ ಹೇಳಿದೆ. ಆ ಕಾಳಗಗಳನ್ನು ಕಣ್ಣಾರೆ ಕಂಡವರು ಇನ್ನೂ ಬದುಕಿದ್ದಾಗಲೇ ಅದು ಬರಹಕ್ಕೆ ಇಳಿಯಿತು. ಸಾಕ್ಷಿಗೆ ಹೆದರದೆ ಹೇಳಿದ ಮಾತದು.

ಇದಾದ ಕೆಲವೇ ವರ್ಷಗಳಲ್ಲಿ, 981ರಲ್ಲಿ ಎಂದು ಸಾಮಾನ್ಯವಾಗಿ ಒಪ್ಪಿರುವಂತೆ, ಗೊಮ್ಮಟೇಶ್ವರನ ಪ್ರತಿಷ್ಠೆಯಾಯಿತು. ತಾಯಿ ಕಾಳಲಾದೇವಿಯು ಪೌದನಪುರದಲ್ಲಿ ಭರತನು ಮಾಡಿಸಿದ ಬಾಹುಬಲಿಯನ್ನು ಕಾಣುವವರೆಗೆ ವ್ರತ ಹಿಡಿದಳೆಂದೂ, ಮಗನು ಚಿಕ್ಕಬೆಟ್ಟದಿಂದ ಬಾಣ ಬಿಟ್ಟಾಗ ದೊಡ್ಡಬೆಟ್ಟದ ಬಂಡೆಯಲ್ಲಿ ಸ್ವಾಮಿಯ ರೂಪ ಕಂಡಿತೆಂದೂ ಪರಂಪರೆ ಹೇಳುತ್ತದೆ. ಮೊದಲ ಅಭಿಷೇಕದ ಕಥೆಯಂತೂ ಮಕ್ಕಳಿಗೂ ಗೊತ್ತು. ಇಂಥ ಮೂರ್ತಿಯನ್ನು ಮಾಡಿಸಿದವನು ತಾನು ಎಂಬ ಅಹಂಕಾರ ಚಾವುಂಡರಾಯನ ಮನಸ್ಸಿನಲ್ಲಿ ಸುಳಿಯಿತಂತೆ. ಕೊಡಗಟ್ಟಲೆ ಹಾಲು ಸುರಿದರೂ ಅದು ಸ್ವಾಮಿಯ ಸೊಂಟದಿಂದ ಕೆಳಗೆ ಇಳಿಯಲಿಲ್ಲ. ಬಡ ಮುದುಕಿಯೊಬ್ಬಳು ಗುಳ್ಳಕಾಯಿಯ ಓಡಿನಲ್ಲಿ ತಂದ ಒಂದಿಷ್ಟು ಹಾಲು ಮೂರ್ತಿಯನ್ನೆಲ್ಲ ತೋಯಿಸಿ ಬೆಟ್ಟದಿಂದ ಹರಿಯಿತು. ಗುಳ್ಳಕಾಯಜ್ಜಿಯ ಪ್ರತಿಮೆ ಇಂದಿಗೂ ಸ್ವಾಮಿಯ ಎದುರಿಗಿದೆ.

ಈ ಕಥೆಯಲ್ಲಿ ಚಾವುಂಡರಾಯನು ಸುಳ್ಳನ್ನೇನೂ ಹೇಳಲಿಲ್ಲ. ಮೂರ್ತಿಯನ್ನು ಮಾಡಿಸಿದವನು ಅವನೇ ಹೌದು. ಆದರೆ ಶಿಲ್ಪಿಗಳ ಉಳಿ, ತಾಯಿಯ ವ್ರತ, ಗುರುಗಳ ಮಾರ್ಗದರ್ಶನ, ಬಂಡೆ ಹೊತ್ತ ಬೆಟ್ಟ ಇವೆಲ್ಲವನ್ನೂ ಬಿಟ್ಟು ತಾನೊಬ್ಬನೇ ಎಂದಾಗ ನಿಜವಾದ ಮಾತಿನೊಳಗೂ ಸುಳ್ಳು ಬಂದು ಕುಳಿತುಕೊಳ್ಳುತ್ತದೆ. ಸತ್ಯಯುಧಿಷ್ಠಿರನಿಗೇ ಈ ಪಾಠ ಬೇಕಾಯಿತೆಂದು ನಮ್ಮ ಹಿರಿಯರು ಕಥೆ ಕಟ್ಟಿ ಹೇಳಿದುದರಲ್ಲಿ ಎಚ್ಚರಿಕೆಯಿದೆ.

ಈಗ ಗೊಮ್ಮಟನ ಪಾದಗಳ ಬಳಿ ಬನ್ನಿ. ಐವತ್ತೆಂಟು ಅಡಿಯ ಮೂರ್ತಿಯ ಇಕ್ಕೆಲದಲ್ಲಿ ಕನ್ನಡ, ತಮಿಳು, ಮರಾಠಿ ಭಾಷೆಗಳಲ್ಲಿ ಕೆತ್ತಿದ ಬರಹಗಳಿವೆ. ಚಾವುಂಡರಾಜನು ಮಾಡಿಸಿದನು ಎಂಬ ಒಂದು ಸಂಗತಿಯನ್ನು ಹೇಳಿ ಅವು ಮುಗಿಯುತ್ತವೆ. ವೀರಮಾರ್ತಂಡನೂ ಇಲ್ಲ, ಸಮರಪರಶುರಾಮನೂ ಇಲ್ಲ, ಸತ್ಯಯುಧಿಷ್ಠಿರನೂ ಇಲ್ಲ. ಪುಟಗಟ್ಟಲೆ ಬರೆಸಲು ಜಾಗವಿತ್ತು, ಹಣವಿತ್ತು, ಕೆತ್ತುವ ಕೈಗಳಿದ್ದವು. ರತ್ನಗಳ ರಾಶಿಯಿಂದ ತನ್ನದೊಂದನ್ನು ಮಾತ್ರ ಆರಿಸಿಕೊಂಡಂತಿದೆ ಆ ಬರಹ.

ಅದೇ ಬೆಟ್ಟದಲ್ಲಿ ತ್ಯಾಗದ ಬ್ರಹ್ಮದೇವರ ಕಂಬವಿದೆ. ಅದರ ಮೇಲೆ ಚಾವುಂಡರಾಯನ ಸಾಧನೆಗಳನ್ನು ತಿಳಿಸುವ ದೀರ್ಘ ಶಾಸನವಿತ್ತು. ಸುಮಾರು 1200ರ ವೇಳೆಗೆ ಹೆಗ್ಗಡೆ ಕಣ್ಣನೆಂಬವನು ಆ ಕಂಬಕ್ಕೆ ಯಕ್ಷನ ಪ್ರತಿಮೆಯನ್ನು ಮಾಡಿಸಿದನು. ಅದನ್ನು ಹೇಳುವ ತನ್ನ ಎರಡೂವರೆ ಸಾಲಿನ ಬರಹಕ್ಕಾಗಿ ಕಂಬದ ಮೂರು ಮುಖಗಳ ಹಳೆಯ ಶಾಸನವನ್ನು ಅಳಿಸಿಹಾಕಿಸಿದನೆಂದು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ಒಂದು ಮುಖದ ಬರಹ ಮಾತ್ರ ಉಳಿದು, ಕಥೆ ನಡುವೆಯೇ ನಿಂತುಹೋಗಿದೆ. ಕಣ್ಣನು ಮಾಡಿದ ಸೇವೆ ನಿಜವಾದುದೇ. ಆದರೆ ತನ್ನ ಹೆಸರಿಗೆ ಎಡೆ ಮಾಡಿಕೊಡಲು ಇನ್ನೊಬ್ಬರ ನಿಜ ಅಳಿಯಬೇಕಾಯಿತು. ತನ್ನನ್ನು ಹಿಗ್ಗಿಸಿಕೊಳ್ಳುವ ಮಾತಿನಿಂದ ಯಾರಿಗೂ ನಷ್ಟವಿಲ್ಲವೆಂದು ತಿಳಿಯುವವರು ಈ ಕಂಬದ ಮುಂದೆ ಒಂದು ಗಳಿಗೆ ನಿಲ್ಲಬೇಕು.

ಚಾವುಂಡರಾಯನ ಇನ್ನೊಬ್ಬ ಗುರುಗಳು ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು. ಗೊಮ್ಮಟನೆಂಬ ಹೆಸರೂ ಇದ್ದ ಈ ಶಿಷ್ಯನಿಗಾಗಿ ಅವರು ಗೊಮ್ಮಟಸಾರವನ್ನು ರಚಿಸಿದರು. ಅದರಲ್ಲಿ ವಚನವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ: ಸತ್ಯ, ಅಸತ್ಯ, ಎರಡೂ ಬೆರೆತ ಉಭಯ, ಎರಡೂ ಅಲ್ಲದ ಅನುಭಯ. ತನ್ನ ಬಗ್ಗೆ ಬಣ್ಣ ಹಚ್ಚಿ ಹೇಳುವವನ ಮಾತಿಗೆ ಉಭಯ ವಚನವೆಂಬ ಹೆಸರು ಚೆನ್ನಾಗಿ ಒಪ್ಪುತ್ತದೆಂದು ನನಗೆ ತೋರುತ್ತದೆ. ಹಾಲಿಗೆ ನೀರು ಬೆರೆಸಿದಂತೆ ಅಲ್ಲಿ ನಿಜವೂ ಇರುತ್ತದೆ, ಸುಳ್ಳೂ ಇರುತ್ತದೆ. ಪೂರಾ ಸುಳ್ಳಾಗಿದ್ದರೆ ಹೇಳಿದವನಿಗೇ ನಾಚಿಕೆಯಾಗುತ್ತಿತ್ತು. ಬೆರೆತಿರುವುದರಿಂದ ನಾಚಿಕೆ ಹುಟ್ಟುವುದಿಲ್ಲ. ಇದೇ ಗ್ರಂಥದಲ್ಲಿ ಮಾಯಾಕಷಾಯದ ತೀವ್ರ ರೂಪವನ್ನು ಬಿದಿರಿನ ಬೇರಿಗೆ ಹೋಲಿಸಲಾಗಿದೆ. ಆ ಬೇರಿನ ಸೊಟ್ಟು ಸುಲಭವಾಗಿ ನೆಟ್ಟಗಾಗದು. ತನ್ನನ್ನು ಹೊಗಳಿಕೊಂಡು ಪರರನ್ನು ನಿಂದಿಸುವುದು, ಪರರಲ್ಲಿರುವ ಗುಣವನ್ನು ಮುಚ್ಚಿ ತನ್ನಲ್ಲಿಲ್ಲದ ಗುಣವನ್ನು ಪ್ರಕಟಿಸುವುದು ನೀಚಗೋತ್ರ ಕರ್ಮದ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರವೂ ಎಚ್ಚರಿಸಿದೆ. ಎತ್ತರಕ್ಕೇರಲು ಆಡಿದ ಮಾತೇ ಕೆಳಗಿಳಿಸುತ್ತದೆ ಎಂದು ಇದರ ತಾತ್ಪರ್ಯ.

ಇಷ್ಟು ಬರೆದ ಮೇಲೆ ನನ್ನ ಸ್ವಂತ ವಿಷಯವೊಂದನ್ನು ಹೇಳದಿದ್ದರೆ ಈ ಲೇಖನ ಅಪೂರ್ಣವಾಗುತ್ತದೆ. ಬಹಳ ವರ್ಷಗಳ ಹಿಂದೆ ನಾನು ಹಿರೇಕೆರೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮಾಸ್ತರನಾಗಿದ್ದೆ. ಏಳನೆಯ ತರಗತಿಯ ಒಬ್ಬ ಹುಡುಗ ತನ್ನ ತಂದೆ ಮುಂಬಯಿಯಲ್ಲಿ ದೊಡ್ಡ ಸಾಹೇಬರೆಂದು ಹೇಳಿಕೊಳ್ಳುತ್ತಿದ್ದನು. ಕಾರಿನ ಬಣ್ಣವನ್ನೂ ಮನೆಯ ಮಹಡಿಗಳನ್ನೂ ವರ್ಣಿಸುತ್ತಿದ್ದನು. ಆ ತಂದೆ ಮನೆ ಬಿಟ್ಟುಹೋಗಿ ಎಷ್ಟೋ ವರ್ಷವಾಗಿತ್ತೆಂದು ನನಗೆ ತಿಳಿದಿತ್ತು. ಒಂದು ದಿನ ಸತ್ಯವನ್ನು ಕಲಿಸುವ ಉತ್ಸಾಹದಲ್ಲಿ ತರಗತಿಯ ಎದುರಿಗೆ ಅದನ್ನು ಬಯಲು ಮಾಡಿದೆನು. ಮಕ್ಕಳೆಲ್ಲ ನಕ್ಕರು. ಮರುದಿನದಿಂದ ಆ ಹುಡುಗ ಶಾಲೆಗೆ ಬರಲಿಲ್ಲ. ಎರಡು ಸಲ ಅವನ ಮನೆಗೆ ಹೋದೆನು. ಅವನು ಹಿತ್ತಲಿನಿಂದ ಓಡಿಹೋದನು.

ನಾನು ನಿವೃತ್ತನಾದ ದಿನ ಸನ್ಮಾನ ಸಮಾರಂಭ ನಡೆಯಿತು. ಓದುವ ಕಾಲದಲ್ಲಿ ದಿನವೂ ಹನ್ನೆರಡು ಮೈಲಿ ಬರಿಗಾಲಿನಲ್ಲಿ ನಡೆದು ಶಾಲೆಗೆ ಹೋದವರು ನಮ್ಮ ಗುರುಗಳು ಎಂದು ಭಾಷಣಕಾರರು ಹೊಗಳಿದರು. ಸಭೆ ಚಪ್ಪಾಳೆ ತಟ್ಟಿತು. ಆ ಮಾತನ್ನು ಅವರು ಕಲ್ಪಿಸಿಕೊಂಡು ಹೇಳಿರಲಿಲ್ಲ. ವರ್ಷಗಟ್ಟಲೆ ಮಕ್ಕಳಿಗೆ ಹಾಗೆ ಹೇಳುತ್ತಾ ಬಂದವನು ನಾನೇ. ಒಂದು ಮಳೆಗಾಲ ನಡೆದದ್ದು ನಿಜ. ಆಮೇಲೆ ಅಣ್ಣನ ಸೈಕಲ್ ಇತ್ತು. ಮಕ್ಕಳಿಗೆ ಹುರುಪು ಬರಲಿ ಎಂದು ಸೈಕಲನ್ನು ಬಿಟ್ಟೆನು, ಮೈಲಿಗಳನ್ನು ಕೂಡಿಸಿದೆನು. ಕೊರಳಿನಲ್ಲಿ ಹಾರ ಹಾಕಿಕೊಂಡು ಕುಳಿತಿದ್ದಾಗ ಆ ಹುಡುಗನ ಮುಖ ನೆನಪಿಗೆ ಬಂದಿತು. ಅವನು ತನ್ನ ದುಃಖವನ್ನು ಮುಚ್ಚಿಕೊಳ್ಳಲು ಕಥೆ ಕಟ್ಟಿದನು. ನನಗೆ ಅಂಥ ದುಃಖವೂ ಇರಲಿಲ್ಲ. ಆ ವೇದಿಕೆಯ ಮೇಲೆ ನಾನು ಬಾಯಿ ಬಿಡಲಿಲ್ಲ. ಇಂದು ಹೇಳುತ್ತಿದ್ದೇನೆ.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನ ಒಂದು, ಸ್ಥಿತಿಕರಣ ಇನ್ನೊಂದು. ಪರರ ದೋಷವನ್ನು ಬೀದಿಗೆ ತರದೆ ಮರೆಮಾಡುವುದು ಉಪಗೂಹನ. ದಾರಿ ತಪ್ಪಿದವರನ್ನು ಮೆಲ್ಲನೆ ಧರ್ಮದಲ್ಲಿ ನಿಲ್ಲಿಸುವುದು ಸ್ಥಿತಿಕರಣ. ಮನೆಯಲ್ಲಿ, ನೆರೆಯಲ್ಲಿ ಹೀಗೆ ಬಣ್ಣ ಹಚ್ಚಿ ಮಾತನಾಡುವವರಿದ್ದರೆ ನಾಲ್ಕು ಜನರ ನಡುವೆ ಅವರನ್ನು ಹಿಡಿದುಹಾಕಬೇಡಿ. ಆ ಮಾತಿಗೆ ಬೆರಗಾಗಿ ಕುಮ್ಮಕ್ಕನ್ನೂ ಕೊಡಬೇಡಿ. ಅವರಲ್ಲಿ ನಿಜವಾಗಿ ಇರುವ ಒಂದು ಗುಣವನ್ನು ಹುಡುಕಿ ಅದನ್ನು ಗೌರವಿಸಿ. ತನ್ನಲ್ಲಿರುವುದಕ್ಕೆ ಬೆಲೆಯಿದೆಯೆಂದು ತಿಳಿದವನಿಗೆ ಇಲ್ಲದ್ದನ್ನು ಕಟ್ಟುವ ಅಗತ್ಯ ಕಡಿಮೆಯಾಗುತ್ತದೆ. ಏಕಾಂತದಲ್ಲಿ, ಪ್ರೀತಿಯಿಂದ ಹೇಳಿದ ಮಾತನ್ನು ಅವನು ಕೇಳಿಯಾನು.

ನಮಗೆ ನಾವೇ ಮಾಡಿಕೊಳ್ಳಬೇಕಾದುದು ಪ್ರತಿಕ್ರಮಣ. ಸಂಜೆಯ ಸಾಮಾಯಿಕದಲ್ಲಿ ಕುಳಿತಾಗ ಆ ದಿನ ನನ್ನ ಬಗ್ಗೆ ಏನೇನು ಹೇಳಿಕೊಂಡೆ, ಅದರಲ್ಲಿ ಎಷ್ಟು ಕೂಡಿಸಿದೆ, ಯಾರ ಪಾಲನ್ನು ಬಿಟ್ಟೆ ಎಂದು ನೆನೆಯಬೇಕು. ಸಾಧ್ಯವಾದರೆ ಮರುದಿನ ಅದೇ ವ್ಯಕ್ತಿಯ ಬಳಿ ಹೋಗಿ ಅಳತೆಯನ್ನು ಸರಿಪಡಿಸಬೇಕು. ಒಂದೆರಡು ಸಲ ಹಾಗೆ ತಿದ್ದಿಕೊಂಡವನ ನಾಲಗೆ ಮೂರನೆಯ ಸಲ ತಾನಾಗಿ ತಡೆಯುತ್ತದೆ.

ಚಾವುಂಡರಾಯನ ಮಗ ಜಿನದೇವಣನೂ ಬೆಳಗೊಳದಲ್ಲಿ ಜಿನಗೃಹವನ್ನು ಮಾಡಿಸಿ ತಂದೆಯ ದಾರಿಯಲ್ಲಿ ನಡೆದನು. ಅಜಿತಸೇನರ ಇನ್ನೊಬ್ಬ ಶಿಷ್ಯ, ಮುದುವೊಳಲಿನ ಬಳೆಗಾರರ ಮನೆಯಲ್ಲಿ ಹುಟ್ಟಿದ ಕವಿ ರನ್ನನು, ಆಶ್ರಯ ಕೊಟ್ಟ ಚಾವುಂಡರಾಯನ ನೆನಪಿಗಾಗಿ ತನ್ನ ಮಗನಿಗೆ ರಾಯನೆಂದು ಹೆಸರಿಟ್ಟನು. ಹತ್ತಿರವಿದ್ದು ಕಂಡವರು ಹೀಗೆ ಗೌರವಿಸಿದರು. ಹಾನಗಲ್ಲ, ಸವಣೂರು, ಹಿರೇಕೆರೂರುಗಳಿಂದ ಶಿಗ್ಗಾವಿಯ ಕಡೆ ಹೋಗುವ ಶ್ರಾವಕರು ಬಂಕಾಪುರದಲ್ಲಿ ಸ್ವಲ್ಪ ಹೊತ್ತು ಇಳಿಯಿರಿ. ಅರಸನೊಬ್ಬನು ಬಿರುದುಗಳನ್ನೆಲ್ಲ ಕಳಚಿಟ್ಟು ಗುರುವಿನ ಮುಂದೆ ಕುಳಿತ ನೆಲವದು. ಅಲ್ಲಿ ನಿಂತು ನಮ್ಮ ಬಗ್ಗೆ ನಾವು ಹೇಳಿಕೊಂಡ ಒಂದು ಮಾತನ್ನಾದರೂ ಅದರ ನಿಜವಾದ ಅಳತೆಗೆ ಇಳಿಸಿ ಬರೋಣ. ಜೈ ಜಿನೇಂದ್ರ.